ಸುಕನ್ಯ ಕಡೆಯವರು

ನಮ್ಮ ಅತ್ತಿಗೆಗೆ ಕೆ.ಆರ್. ಪುರದಲ್ಲಿ ಬೆಳಗಿನ ಜಾವ ಬ್ಯೂಗಲ್ ಕೇಳಿಸುತ್ತಿತ್ತು. ಕೇಳಿಸುವುದಕ್ಕೆ ಸಾಧ್ಯವೇ ಇಲ್ಲ. ಹಲಸೂರು ಕೆರೆ ಪಕ್ಕದ ಎಂಇಜಿ ಮಿಲಿಟರಿ ಕೇಂದ್ರ ಎಲ್ಲಿ, ನಮ್ಮ ಮನೆ ಎಲ್ಲಿ! ಇಲ್ಲಿ ಆ ಹೊತ್ತಿನಲ್ಲಿ ಕೂಗುವುದು ರೈಲು ಮಾತ್ರ. ಹಾಗೆಂದರೆ ಅವರು ನಗುತ್ತಿದ್ದರು. "ಇರ್ಲಿ ಬಿಡು ಹಂಸ, ನಂಗೆ ಬ್ಯೂಗಲ್ಲೇ ಕೇಳ್ಸುತ್ತೆ" ಎಂದು ಮಗ್ಗುಲು ಬದಲಿಸುತ್ತಿದ್ದರು.

ನನಗೆ ಕನಸು ಕಾಣುವವರನ್ನು ಕಂಡರೆ ಮೈಯುರಿ. ಬ್ಲೌಸ್ ಹೊಲಿಯುವವಳು ನಾನು, ಅಳತೆ ತಪ್ಪಿದರೆ ಬೈಸಿಕೊಳ್ಳುವ ಕೆಲಸ ನನ್ನದು. ಆದರೆ ಅತ್ತಿಗೆಯ ಮೇಲೆ ಮಾತ್ರ ಸಿಟ್ಟು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಮದುವೆಯಾದಾಗಿನಿಂದ ಅವರು ಸೈನ್ಯದಲ್ಲಿದ್ದ ನಮ್ಮಣ್ಣ ಮುನೀಂದ್ರನ ಹಿಂದೆ ಊರೂರು ತಿರುಗಿದವರು. ಜೋಧಪುರ, ಜಲಂಧರ್, ಪುಣೆ, ಕೊನೆಗೆ ಹಲಸೂರಿನ ಕ್ವಾರ್ಟರ್ಸ್. ಊರು ಯಾವುದಾದರೂ ಮಿಲಿಟರಿ ಆಸ್ಪತ್ರೆ ಒಂದೇ ಥರ ಇರುತ್ತಿತ್ತಂತೆ. ಉದ್ದ ವರಾಂಡ, ಕೆಂಪು ನೆಲ, ಫಿನಾಯಿಲ್ ವಾಸನೆ, ಹೊರಗೆ ಸುಣ್ಣ ಬಳಿದ ಬುಡದ ಮರಗಳು. ಅಲ್ಲಿ ಅವರನ್ನು ಯಾರೂ ಸುಕನ್ಯ ಎಂದು ಕರೆದವರಲ್ಲ. "ಮುನೀಂದ್ರ ಕೀ ವೈಫ್!" ಎಂದು ಒಳಗಿನಿಂದ ಕೂಗು ಬರುತ್ತಿತ್ತು, ಇವರು ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದರು. ಹಾಗೆ ಎದ್ದು ಹೋಗಿಯೇ ಎರಡು ಮಕ್ಕಳನ್ನು ಹೆತ್ತರು. ಮನೆಯಲ್ಲೂ ಅಷ್ಟೆ. ಮಕ್ಕಳಿಗೆ ಅಮ್ಮ, ನನಗೆ ಅತ್ತಿಗೆ, ಅಣ್ಣನಿಗೆ 'ಇವಳೇ'.

ಸಕ್ಕರೆ ಕಾಯಿಲೆ ಬಂದು, ಐವತ್ತು ತುಂಬುವ ಮೊದಲೇ ಎರಡೂ ಕಣ್ಣಿಗೆ ಪೊರೆ ಬಂತು. ಎಡಗಣ್ಣಿಗೆ ಬೆಳಕು, ಕತ್ತಲೆ ಬಿಟ್ಟರೆ ಏನೂ ತಿಳಿಯದು. ಬಲಗಣ್ಣಿಗೆ ಎಲ್ಲವೂ ಮಂಜು. ಮಿಲಿಟರಿ ಆಸ್ಪತ್ರೆಯವರು ಆಪರೇಷನ್‌ಗೆ ದಿನ ಕೊಟ್ಟರೆ ಈ ಮಹಾತಾಯಿ, "ಇವರ ಬೀಳ್ಕೊಡುಗೆ ಮುಗೀಲಿ, ಆಸ್ಪತ್ರೆ ಎಲ್ಲಿ ಓಡಿ ಹೋಗುತ್ತೆ" ಎಂದು ಮುಂದೂಡಿದರು. ಬೀಳ್ಕೊಡುಗೆಯ ದಿನ ಸುಬೇದಾರರೆಲ್ಲ ಸಾಲಾಗಿ ನಿಂತಿದ್ದಾಗ ಅತ್ತಿಗೆ ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಅವರು ನೋಡುತ್ತಿದ್ದದ್ದು ಅಣ್ಣನ ಪಕ್ಕದವರನ್ನು! ನಾನು ಆಗ ನಕ್ಕುಬಿಟ್ಟೆ. ಆಮೇಲೆ ಆ ಕಥೆಯನ್ನು ಯಾರ ಮುಂದೆಯೂ ಹೇಳಲಿಲ್ಲ.

ಆಸ್ಪತ್ರೆ ಓಡಿ ಹೋಗಲಿಲ್ಲ, ದಾರಿ ಬದಲಾಯಿತು. ಅಣ್ಣನ ಸರ್ವಿಸ್ ಮುಗಿದು ಕೆ.ಆರ್. ಪುರಕ್ಕೆ ಬಂದ ಮೇಲೆ ಮನೆಯವರೆಲ್ಲ ಮಾಜಿ ಸೈನಿಕರ ಆರೋಗ್ಯ ಯೋಜನೆಗೆ ಬಂದರು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಅದರ ಮೇಲೆ ಅವರವರದೇ ಫೋಟೊ, ಅವರವರದೇ ಹೆಸರು. ಮೊದಲು ಪಾಲಿಕ್ಲಿನಿಕ್‌ನಲ್ಲಿ ತೋರಿಸಬೇಕು. ಅಲ್ಲಿನ ಡಾಕ್ಟರು ಬರೆದುಕೊಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್.

ಅಣ್ಣ ಆಗಲೇ ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ. ಅತ್ತಿಗೆಯನ್ನು ಪಾಲಿಕ್ಲಿನಿಕ್‌ನಲ್ಲಿ ಕೂರಿಸಿ, ಕೌಂಟರಿನಲ್ಲಿ ಕಾರ್ಡು ತೋರಿಸಿ, ಡ್ಯೂಟಿಗೆ ಹೋದ. ಮಧ್ಯಾಹ್ನ ಅತ್ತಿಗೆ ಆಟೋದಲ್ಲಿ ಹಾಗೇ ವಾಪಸ್ ಬಂದರು. "ಕರೀಲೇ ಇಲ್ಲ ಹಂಸ" ಎಂದರು. ಮುಂದಿನ ವಾರವೂ ಅದೇ ಕಥೆ. "ಸರ್ವಿಸ್‌ನಲ್ಲಿದ್ದಾಗ ಇದ್ದ ಮರ್ಯಾದೆ ಈಗೆಲ್ಲಿ ಬರುತ್ತೆ?" ಎಂದು ಅಣ್ಣ ಹಲ್ಲು ಕಡಿದ. ನನಗೂ ರೇಗಿಹೋಯಿತು. ಅಂಗಡಿಗೆ ಬಾಗಿಲು ಹಾಕಿ, ಜಗಳಕ್ಕೆ ಟೊಂಕ ಕಟ್ಟಿಕೊಂಡೇ ಮೂರನೇ ಸಲ ನಾನು ಜೊತೆಗೆ ಹೊರಟೆ.

ಮೆಟ್ರೋದಲ್ಲಿ ಅತ್ತಿಗೆ ಕಿಟಕಿಗೆ ಹಣೆ ಒತ್ತಿ ಕೂತರು. "ನೋಡೇ, ಎಷ್ಟೊಂದು ನೀರು ನಿಂತಿದೆ" ಎಂದರು.

"ನೀರಲ್ಲ ಅತ್ಗೆ, ಮನೆಗಳ ಮೇಲೆ ನೀಲಿ ಟಾರ್ಪಾಲ್ ಹೊದ್ಸಿದಾರೆ."

"ಹೌದಾ? ಅಲೆ ಏಳ್ತಿತ್ತಲ್ಲ" ಎಂದು ಕಿಟಕಿಯಿಂದ ಹಣೆ ತೆಗೆದರು. ಹೇಳಬಾರದಿತ್ತು ಎನಿಸಿತು. ಗಾಳಿಗೆ ಟಾರ್ಪಾಲು ನಿಜವಾಗಿಯೂ ಅಲೆಯಾಡುತ್ತಿತ್ತು. ಇಂದಿರಾನಗರ ದಾಟಿ ಮರಗಳು ಬಂದಾಗ ನಾನೂ ಯಾಕೋ ಕಣ್ಣು ಕಿರಿದು ಮಾಡಿ ನೋಡಿದೆ. ಕಟ್ಟಡ, ಬೋರ್ಡು, ಟ್ರಾಫಿಕ್ ಎಲ್ಲ ಕರಗಿ ಬರೀ ಹಸಿರು ತೇಲಿತು. ಈ ಹೆಂಗಸು ದಿನವಿಡೀ ಇರುವುದು ಈ ಮಂಜಿನಲ್ಲೇ ಎಂದು ಆಗ ತಿಳಿಯಿತು.

ಪಾಲಿಕ್ಲಿನಿಕ್‌ನಲ್ಲಿ ಮಾಜಿ ಹವಾಲ್ದಾರರು, ಅವರ ಹೆಂಡತಿಯರು, ವಯಸ್ಸಾದ ತಾಯಂದಿರು ಬೆಂಚು ತುಂಬಾ ಕೂತಿದ್ದರು. ತಮಿಳು, ಕನ್ನಡ, ದಖನಿ ಎಲ್ಲ ಒಟ್ಟಿಗೆ ಗುಂಯ್‌ಗುಡುತ್ತಿತ್ತು. ಫ್ಯಾನಿನ ಗಾಳಿಗೆ ನನಗೇ ಜೊಂಪು ಹತ್ತಿತು. ಯಾರೋ ಕರೆಯುತ್ತಿದ್ದರು. "ಸುಕನ್ಯ... ಸುಕನ್ಯ ಯಾರಮ್ಮ?" ಯಾರೂ ಏಳಲಿಲ್ಲ. ಮತ್ತೆ, "ಸುಕನ್ಯ!"

ಬೆಚ್ಚಿ ಪಕ್ಕಕ್ಕೆ ತಿರುಗಿದೆ. ಅತ್ತಿಗೆ ಕೈಚೀಲ ಮಡಿಲಲ್ಲಿಟ್ಟುಕೊಂಡು, ಮುಖ ಸ್ವಲ್ಪ ಮೇಲೆತ್ತಿ, ಶಾಂತವಾಗಿ ಕಾಯುತ್ತಿದ್ದರು. ಮುಖದಲ್ಲಿ ಸಣ್ಣ ನಗು.

"ಅತ್ಗೆ! ನಿಮ್ಮನ್ನೇ ಕರೀತಿರೋದು!"

"ನನ್ನನ್ನಾ? ಅವರು ಸುಕನ್ಯ ಅಂತಿದಾರೆ ಕಣೆ" ಎಂದರು. ಹೇಳಿದ ಮೇಲೆ ತಾವೇ ಬಾಯಿಗೆ ಕೈ ಅಡ್ಡ ಹಿಡಿದರು. ಎರಡು ವಾರವೂ ಕರೆದಿದ್ದಾರೆ! ನಾನು ಜಗಳ ಆಡಬೇಕಿದ್ದದ್ದು ಯಾರ ಹತ್ತಿರ?

ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಇಷ್ಟು ಯಾಕೆ ತಡ ಮಾಡಿದ್ರಿ? ಎಡಗಣ್ಣಲ್ಲಿ ಪೊರೆ ಗಟ್ಟಿಯಾಗ್ಬಿಟ್ಟಿದೆ. ಹಿಂದೆ ನರ ಹೇಗಿದೆ ಅಂತ ಕಾಣಿಸ್ತಾನೇ ಇಲ್ಲ. ಬಲಗಣ್ಣನ್ನಾದ್ರೂ ತಕ್ಷಣ ಉಳಿಸ್ಕೋಬೇಕು" ಎಂದು ಬರೆದುಕೊಟ್ಟರು.

ಹೊರಗೆ ಮರದ ಕೆಳಗೆ ಅತ್ತಿಗೆ ನಿಂತುಬಿಟ್ಟರು. "ಹಂಸ, ನಂಗೆ ಭಯ ಆಗುತ್ತೆ."

"ಆಪರೇಷನ್ ಏನೂ ನೋವಾಗಲ್ಲ ಅತ್ಗೆ."

"ನೋವಿಗಲ್ಲ. ಈಗ ಹಸಿರು ಶರ್ಟ್ ಹಾಕ್ಕೊಂಡು ಯಾರು ಬಂದ್ರೂ ಇವರೇ ಯೂನಿಫಾರಂನಲ್ಲಿ ಬಂದ್ರು ಅನ್ಸುತ್ತೆ. ಬೆಳಿಗ್ಗೆ ಎದ್ರೆ ಕ್ವಾರ್ಟರ್ಸಲ್ಲೇ ಇದೀನಿ ಅನ್ಸುತ್ತೆ. ಕಣ್ಣು ಸರಿಹೋದ್ರೆ ಎಲ್ಲ ಮುಗೀತಲ್ಲ." ಬೈಯಲು ಬಾಯಿ ತೆರೆದಿದ್ದೆ. ಅವರ ಕೈ ಹಿಡಿದುಕೊಂಡು ಮೆಟ್ರೋ ಕಡೆ ನಡೆದೆ.

ಬಲಗಣ್ಣಿನ ಆಪರೇಷನ್ ಇಂದಿರಾನಗರದ ಒಂದು ಆಸ್ಪತ್ರೆಯಲ್ಲಿ ಆಯಿತು. ಆ ದಿನ ಅಣ್ಣ ರಜೆ ಹಾಕಿ, ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಕುರ್ಚಿಗೆ ಬೆನ್ನು ತಾಗಿಸದೆ ಕೂತಿದ್ದ. ನರ್ಸ್ ಬಾಗಿಲು ಸರಿಸಿ, "ಸುಕನ್ಯ ಕಡೆಯವರು ಯಾರು?" ಎಂದಳು.

ಅಣ್ಣ ಅಲ್ಲಾಡಲಿಲ್ಲ. ಎದುರಿನ ಗೋಡೆ ನೋಡುತ್ತಾ ಕೂತೇ ಇದ್ದ.

"ಸುಕನ್ಯ ಕಡೆಯವರು ಯಾರೂ ಬಂದಿಲ್ವಾ?"

ನನಗೆ ನಗು, ಅಳು ಎರಡೂ ಒತ್ತರಿಸಿಕೊಂಡು ಬಂದವು. ಜೀವಮಾನವೆಲ್ಲ ತನ್ನ ಹೆಸರಿಗೆ ಎದ್ದು ನಿಂತವನು ಈಗಲೂ ಅದನ್ನೇ ಕಾಯುತ್ತಿದ್ದ. ಮೊಣಕೈಯಿಂದ ತಿವಿದೆ. ಅಣ್ಣ ಪರೇಡಿನಲ್ಲಿ ಎದ್ದ ಹಾಗೆ ಎದ್ದು ನಿಂತ.

"ನಾನು" ಎಂದ. "ನಾನೇ ಸುಕನ್ಯ ಕಡೆಯವನು."

ಒಳಗೆ ಅತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ನನ್ನ ಕೈ ತಡವಿ ಹತ್ತಿರ ಎಳೆದು, "ಹೊರಗಡೆ ನನ್ನ ಹೆಸರು ಹೇಳಿದ್ದು ಇವರೇನಾ? ಇಲ್ಲ, ನಾನೇ ಕನಸು ಕಂಡ್ನಾ?" ಎಂದು ಪಿಸುಗುಟ್ಟಿದರು. ಕನಸಲ್ಲ ಎಂದೆ. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ಅತ್ತಿಗೆ ರೆಪ್ಪೆ ಬಡಿದು ಕಿಟಕಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಣ್ಣನನ್ನು ನೋಡಿದರು. ಚೌಕಳಿ ಶರ್ಟು, ಇಳಿದ ಭುಜ, ಬೆಳ್ಳಗಾದ ಮೀಸೆ. ತುಂಬಾ ಹೊತ್ತು ನೋಡುತ್ತಲೇ ಇದ್ದರು.

"ಏನ್ರೀ, ಯಾವಾಗ ಇಷ್ಟು ವಯಸ್ಸಾಯ್ತು ನಿಮ್ಗೆ?" ಎಂದರು. ಕಣ್ಣಲ್ಲಿ ನೀರು ಬಂತು. ಅಳಬಾರದು, ಹೊಸ ಕಣ್ಣು ಎಂದು ನರ್ಸ್ ಗದರಿದಳು.

ಅಣ್ಣ ಅತ್ತಿಗೆಯ ಚಪ್ಪಲಿಯನ್ನು ಕಾಲಿನ ಹತ್ತಿರ ತಂದಿಟ್ಟ.

"ಸುಕನ್ಯ, ಮನೆಗೆ ಹೋಗೋಣ್ವಾ?"

ಅತ್ತಿಗೆ ಒಂದೇ ಕರೆಗೆ ಎದ್ದರು.