ಭಾವನ ಪಿಂಚಣಿ

ಬ್ಯಾಂಕಿನ ಫ್ಯಾನ್ ಗಾಳಿಗೆ ಪಕ್ಕದಲ್ಲಿ ಕುಳಿತ ಅಕ್ಕನ ಸೀರೆಯಿಂದ ನುಸಿಗುಳಿಗೆಯ ವಾಸನೆ ಬಂತು. ಭಾವನ ಬಿಳಿ ಯೂನಿಫಾರ್ಮ್ ಇಟ್ಟ ಪೆಟ್ಟಿಗೆಯಲ್ಲೇ ಅವಳ ಒಳ್ಳೆಯ ಸೀರೆಗಳೂ ಇರುತ್ತವೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಚಿಂತೆಯ ಮನುಷ್ಯ. ಬಸ್ಸು ಹತ್ತಿದರೆ ಡ್ರೈವರನ ನಿದ್ದೆಯ ಚಿಂತೆಯೂ ನನ್ನದೇ. ಹೊಸದುರ್ಗದಲ್ಲಿ ಬೆಳೆದ ಅಕ್ಕನನ್ನು ನೌಕಾಪಡೆಯ ಅಧಿಕಾರಿಗೆ ಕೊಡುವಾಗ ಚಿಂತಿಸದೆ ಇರುತ್ತೇನೆಯೇ? ಆದರೆ ನನ್ನ ಚಿಂತೆ ಸಮುದ್ರದ್ದಲ್ಲ, ಸಂಬಳದ್ದು. ಮಾತುಕತೆಯ ದಿನವೇ ಕೇಳಿಬಿಟ್ಟೆ: "ನೀವು ಹಡಗಲ್ಲಿದ್ರೆ ಮನೆಗೇನು ಕೊಡ್ತಾರ್ರಿ?"

ಭಾವ ನಕ್ಕರು. "ಸಮುದ್ರಕ್ಕೆ ಹೋದ್ರೆ ಒಂದು ಭತ್ಯೆ, ಮಕ್ಕಳು ಓದಿದ್ರೆ ಒಂದು ಭತ್ಯೆ. ನಿಮ್ಮಕ್ಕನ್ನ ಬಿಟ್ಟಿರೋದಕ್ಕೆ ಮಾತ್ರ ಏನೂ ಕೊಡಲ್ಲ ಕಣಪ್ಪ."

ಅವರ ಮಗಳು ಆಗಿನ್ನೂ ಚಿಕ್ಕವಳು. ಒಂದು ಬಿರುಗಾಳಿಯಲ್ಲಿ ಭಾವ ಹಡಗಿನಿಂದ ನೀರಿಗೆ ಬಿದ್ದರು. ದೇಹ ಸಿಗಲಿಲ್ಲ. ಮನೆಗೆ ಬಂದ ಅಧಿಕಾರಿ ಮೆತ್ತಗೆ ಹೇಳಿದರು: ಸಂಬಳ ನಿಲ್ಲುತ್ತದೆ, ಸಹಿ ಹಾಕಿದರೆ ಕುಟುಂಬ ಪಿಂಚಣಿ ಶುರುವಾಗುತ್ತದೆ.

"ಪಿಂಚಣಿ ಸತ್ತೋರ ಹೆಂಡ್ತೀರಿಗೆ ಬರೋದು," ಎಂದಳು ಅಕ್ಕ. "ನಮ್ಮನೆಯವರು ಸತ್ತಿದ್ದನ್ನ ಕಂಡೋರು ಯಾರವ್ರೆ, ಕರ್ಕಂಡ್ ಬರ್ರಿ."

ಬಹಳ ದಿನ ಸಹಿ ಹಾಕಲಿಲ್ಲ. ಊರವರ ರವಿಕೆ ಹೊಲಿದಳು. ಮಗಳನ್ನು ಸಿರಿಗೆರೆಯ ಹಾಸ್ಟೆಲಿನಲ್ಲಿ ಓದಿಸಲು ದುಡ್ಡು ಬೇಕಾದಾಗ, "ಕೊಡಲೇ ಆ ಪೆನ್ನು" ಎಂದು ನನ್ನ ಜೇಬಿನಿಂದಲೇ ಕಿತ್ತುಕೊಂಡಳು. ಅಂತೂ ಭಾವ ಇಲ್ಲವೆಂದು ಒಪ್ಪಿಕೊಂಡಳು ಎಂದು ನಾನು ಅವತ್ತು ಹೊಟ್ಟೆ ತುಂಬ ಉಂಡೆ. ಹಣೆಯ ಕುಂಕುಮ ಮಾತ್ರ ಬಿಡಲಿಲ್ಲ. ಈಗಿನ ಕಾಲದಲ್ಲಿ ಯಾರು ಬಿಡುತ್ತಾರೆ ಎಂದುಕೊಂಡೆ.

ಪಿಂಚಣಿ ಪಡೆಯುವವರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸಬೇಕಲ್ಲ, ಅದಕ್ಕೆ ಇಷ್ಟು ವರ್ಷ ಮಗಳು ಕರೆತರುತ್ತಿದ್ದಳು. ಅವಳೀಗ ಮದುವೆಯಾಗಿ ಹಿರಿಯೂರಿನಲ್ಲಿದ್ದಾಳೆ. ಹಾಗಾಗಿ ಈ ಸಲ ನಾನು ಬಂದೆ.

ಕೌಂಟರಿನ ಹುಡುಗಿ ಹೊಸಬಳು. ಅಕ್ಕನ ಬೆರಳು ಒತ್ತಿಸಿಕೊಂಡು, "ಬೇಜಾರ್ ಮಾಡ್ಕಬ್ಯಾಡ್ರಿ ಅಮ್ಮ, ರೂಲ್ಸ್ ಐತೆ, ಕೇಳ್ಬೇಕು. ಮತ್ತೆ ಮದ್ವೆ ಆಗಿದೀರಾ?" ಎಂದಳು.

"ಒಳ್ಳೆ ಹುಡುಗಿ ಕಣಮ್ಮ ನೀನು! ಗಂಡ ಇರೋಳು ಇನ್ನೊಂದು ಮದ್ವೆ ಹೆಂಗಾಗ್ಲಿ?"

ಹುಡುಗಿ ನಕ್ಕು 'ಇಲ್ಲ' ಎಂದು ಒತ್ತಿದಳು. ನಾನೂ ನಗಬೇಕೆಂದು ಅಕ್ಕನ ಕಡೆ ತಿರುಗಿದೆ. ಅವಳು ತಮಾಷೆ ಮಾಡಿರಲಿಲ್ಲ.

"ನಡಿಯಲೇ ಹೋಗಾಣ, ಬಿಸಿಲೇರ್ತೈತೆ," ಎಂದು ಎದ್ದಳು.

ಈ ಒಬ್ಬಳ ಚಿಂತೆ ತೀರಿತೆಂದು ನಾನು ನಿಶ್ಚಿಂತನಾಗಿದ್ದ ಅಷ್ಟೂ ವರ್ಷ, ಅಕ್ಕ ಒಬ್ಬಳೇ ಕಾಯುತ್ತಿದ್ದಳು.