ಲಾಗ್‌ಬುಕ್ ಬರೆದವನ ಮಾತು

ಸೇನೆಯ ಕಾನೂನು ವಿಭಾಗದಲ್ಲಿ ಹತ್ತು ವರ್ಷ ದುಡಿದು, ಮೇಜರ್ ಹುದ್ದೆಯಿಂದ ಹೊರಬಂದು, ಹುಟ್ಟೂರು ಹಿಂದೂಪುರದಲ್ಲಿ ಪರಿಸರ ಮೊಕದ್ದಮೆಗಳನ್ನು ನಡೆಸಲು ಕಚೇರಿ ತೆರೆದ ಎರಡನೆಯ ವರ್ಷದ ಮಾತಿದು. ರೇಷ್ಮೆಗೂಡು ಮಾರಲು ಕಲ್ಯಾಣದುರ್ಗದ ಕಡೆಯಿಂದ ಬಂದಿದ್ದ ಲಕ್ಷ್ಮಕ್ಕ, ಹಾಗೆಯೇ ನನ್ನ ಕಚೇರಿಯ ಮೆಟ್ಟಿಲೇರಿದರು. ಕೈಯಲ್ಲಿದ್ದ ಚೀಲದಿಂದ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ತೆಗೆದು ಮೇಜಿನ ಮೇಲೆ ಹರವಿದರು. ಎಲೆಗಳು ಬೂದಿ ಬಳಿದಂತಿದ್ದವು.

"ಕ್ರಷರ್ ಧೂಳು ಕಣಮ್ಮ. ಹುಳ ಮುಟ್ಟಾಕಿಲ್ಲ. ತೊಳ್ದು ಹಾಕಾನಾ ಅಂದ್ರೆ ಒದ್ದೆ ಸೊಪ್ಪಿಗೆ ರೋಗ ಬತ್ತದೆ. ಎರಡು ಬೆಳೆ ಹೋಯ್ತು."

ಜಲ್ಲಿ ಕ್ರಷರ್‌ಗಳು ಧೂಳು ಏಳದಂತೆ ಸ್ಪ್ರಿಂಕ್ಲರ್‌ಗಳಿಂದ ನೀರು ಸಿಂಪಡಿಸುತ್ತಿರಬೇಕು, ಅದನ್ನು ದಿನವೂ ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ನಾವು ಪರಿಸರ ನ್ಯಾಯಮಂಡಳಿಗೆ ಅರ್ಜಿ ಹಾಕಿದಾಗ ಮಾಲೀಕರು ಆ ಪುಸ್ತಕವನ್ನೇ ಮುಂದಿಟ್ಟರು. ಒಂದು ದಿನವೂ ತಪ್ಪಿರಲಿಲ್ಲ. ಸೇನೆಯಲ್ಲಿ ವಾಹನದ ಲಾಗ್‌ಬುಕ್ ಬಂದರೆ ಅದನ್ನು ಡೀಸೆಲ್ ರಿಜಿಸ್ಟರ್‌ ಜೊತೆಗಿಟ್ಟು ಓದುವುದು ನಮ್ಮ ರೂಢಿ. ಇಲ್ಲಿ ವಿದ್ಯುತ್ ಕಚೇರಿಯ ದಾಖಲೆ ತರಿಸಿದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಊರಿಗೆ ಕರೆಂಟೇ ಇಲ್ಲದ ನಾಲ್ಕು ದಿನವೂ ಸ್ಪ್ರಿಂಕ್ಲರ್ ಓಡಿದೆ ಎಂದು ಪುಸ್ತಕ ಹೇಳುತ್ತಿತ್ತು!

ಮಾಲೀಕರ ವಕೀಲರು ಕೂಡಲೇ ವರಸೆ ಬದಲಿಸಿದರು. ತಪ್ಪು ಲಾಗ್‌ಬುಕ್ ಬರೆಯುತ್ತಿದ್ದ ಪಂಪ್ ಆಪರೇಟರ್ ತಿಪ್ಪೇಸ್ವಾಮಿಯದು, ಅವನನ್ನು ಕೆಲಸದಿಂದ ತೆಗೆದಿದ್ದೇವೆ ಎಂದರು. ಲಕ್ಷ್ಮಕ್ಕನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ.

ಅದಕ್ಕೊಂದು ಕಾರಣವಿತ್ತು. ಸೇವೆಯ ಮೊದಲ ವರ್ಷ, ಡೀಸೆಲ್ ಕಳವಿನ ಆರೋಪ ಹೊತ್ತ ಲ್ಯಾನ್ಸ್ ನಾಯಕನೊಬ್ಬನ ವಿಚಾರಣಾ ಕಡತಕ್ಕೆ ನಾನು 'ಸರಿಯಾಗಿದೆ' ಎಂದು ಬರೆದು ಕಳಿಸಿದ್ದೆ. ನನ್ನ ಹಿರಿಯ ಅಧಿಕಾರಿ ಅದನ್ನು ವಾಪಸು ತಂದಿಟ್ಟು, "ಈ ಮನುಷ್ಯನ ಮಾತು ಎಲ್ಲಿದೆ?" ಎಂದು ಕೇಳಿದ್ದರು. ಸೇನಾ ನಿಯಮ ೧೮೦ರ ಪ್ರಕಾರ, ಯಾರ ಹೆಸರಿಗೆ ಕಳಂಕ ಬರುವಂತಿದೆಯೋ ಆತ ವಿಚಾರಣೆಯುದ್ದಕ್ಕೂ ಎದುರಿಗಿರಬೇಕು, ಪ್ರಶ್ನೆ ಕೇಳಲು ಅವನಿಗೆ ಅವಕಾಶವಿರಬೇಕು. ಆ ಲ್ಯಾನ್ಸ್ ನಾಯಕನನ್ನು ಕೋಣೆಯ ಹೊರಗೆ ಕೂರಿಸಿ ವಿಚಾರಣೆ ಮುಗಿಸಿದ್ದರು. ನಾನು ಗಮನಿಸಿಯೇ ಇರಲಿಲ್ಲ.

ತಿಪ್ಪೇಸ್ವಾಮಿಯ ಮನೆಗೆ ಹೊರಟಾಗ ಲಕ್ಷ್ಮಕ್ಕ ಸಿಟ್ಟಾದರು. "ಸುಳ್ಳು ಬರ್ದೋನ ಮನೆಗ್ಯಾಕಮ್ಮ ಹೋಯ್ತೀಯ? ನೀನು ನನ್ನ ಲಾಯರ್ರಾ, ಅವನ ಲಾಯರ್ರಾ?" ಅಂದವರು ಜೀಪಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದರು.

ನಮ್ಮನ್ನು ನೋಡಿ ತಿಪ್ಪೇಸ್ವಾಮಿ ಬಾಗಿಲಲ್ಲೇ ನಿಂತುಬಿಟ್ಟ. ನಲವತ್ತು ದಾಟಿರದ ಆಳು, ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. "ಪಂಪು ಸುಟ್ಟೋಗಿ ಮೂರು ತಿಂಗ್ಳಾಗಿತ್ತಕ್ಕ. ಫೋಟೋ ತೆಗ್ದು ಮೇನೇಜರ್ ಫೋನಿಗೆ ಹಾಕಿದೀನಿ. 'ನೀನು ಸುಮ್ನೆ ಬರಿ' ಅಂದ್ಬುಟ್ರು. ಇದನ್ನ ಕೋರ್ಟಲ್ಲಿ ಹೇಳಿದ್ರೆ ಈ ಸೀಮೇಲಿ ಯಾವ ಕ್ರಷರ್‌ನೋರೂ ನನ್ನ ಕರೆಯಾಕಿಲ್ಲ."

ಅಲ್ಲಿಯವರೆಗೆ ಮುಖ ತಿರುಗಿಸಿ ನಿಂತಿದ್ದ ಲಕ್ಷ್ಮಕ್ಕ ಅವನತ್ತ ನೋಡಿದರು. "ಆ ಧೂಳಿಗೆ ನನ್ನ ಹುಳಾನೇ ಸತ್ವು. ನೀನು ಅದರೊಳಗೇ ನಿಂತಿದ್ದೋನು. ಡಾಕ್ಟ್ರಿಗೆ ಎದೆ ತೋರಿಸ್ಕಂಡೀಯೇನಪ್ಪಾ?"

ತಿಪ್ಪೇಸ್ವಾಮಿ ತಲೆಯಾಡಿಸಿದ, ಇಲ್ಲವೆಂದು. ಆಮೇಲೆ ಒಳಗೆ ಹೋಗಿ ಫೋನು ತಂದು ನನ್ನ ಕೈಗಿಟ್ಟ.

ಅವನ ಹೇಳಿಕೆ, ಆ ಫೋಟೋ, ಅದರ ಕೆಳಗೆ ಮೇನೇಜರ್ ಕಳಿಸಿದ್ದ ಉತ್ತರ ನ್ಯಾಯಮಂಡಳಿಯ ಮುಂದೆ ಬಂದವು. ಯಂತ್ರಗಳಿಗೆ ಮುಚ್ಚಿಗೆ ಹಾಕಿ, ನೀರಿನ ವ್ಯವಸ್ಥೆ ಸರಿಪಡಿಸುವವರೆಗೆ ಕ್ರಷರ್ ಮುಚ್ಚಬೇಕೆಂದೂ ಕೆಲಸಗಾರರ ಶ್ವಾಸಕೋಶದ ತಪಾಸಣೆಯನ್ನು ಮಾಲೀಕರೇ ಮಾಡಿಸಬೇಕೆಂದೂ ಆದೇಶವಾಯಿತು. ಲಕ್ಷ್ಮಕ್ಕನ ಮುಂದಿನ ಬೆಳೆ ಕೈಗೆ ಬಂತು. ತಿಪ್ಪೇಸ್ವಾಮಿ ಹೇಳಿದಂತೆಯೇ ಆಯಿತು, ಅವನನ್ನು ಯಾವ ಕ್ರಷರ್‌ನವರೂ ಕರೆಯಲಿಲ್ಲ. ಆರು ತಿಂಗಳು ಅಲೆದಾಡಿದ ಮೇಲೆ ಸೋಮಂದೇಪಲ್ಲಿಯ ಮೋಟಾರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು.

ಆರೋಪ ಹೊತ್ತವನ ಮಾತನ್ನೂ ಕೇಳಬೇಕೆಂದು ಸೇನೆ ಕಲಿಸಿತ್ತು. ಆ ಮಾತಿಗೆ ಅವನು ತೆರುವ ಬೆಲೆಯೇನು ಎಂಬುದನ್ನು ಈ ಮೊಕದ್ದಮೆ ಕಲಿಸಿತು. ಈಗ ಸಾಕ್ಷಿಯ ಎದುರು ಕೂತಾಗ 'ನೀವು ಏನು ನೋಡಿದಿರಿ' ಎಂದು ಮೊದಲು ಕೇಳುವುದಿಲ್ಲ. 'ಇದನ್ನು ಹೇಳಿದರೆ ನಾಳೆ ನಿಮಗೇನಾಗುತ್ತದೆ' ಎಂದು ಕೇಳುತ್ತೇನೆ.