ಅಕ್ಕನ ಮರಳಿನ ಲೆಕ್ಕ

ನಲವತ್ತರ ದಶಕದ ಕೊನೆಯಲ್ಲಿ ನಾವು ಚಾಮರಾಜಪೇಟೆಯಲ್ಲಿ, ಕೆರೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿದ್ದೆವು. ನನ್ನ ಅಕ್ಕ ಒಂದು ಪ್ರಯೋಗಶಾಲೆಯಲ್ಲಿದ್ದಳು. ಮರಳು, ಹೂಳು, ಜೇಡಿಮಣ್ಣಿನ ಮೂಲಕ ನೆಲದಡಿಯ ನೀರು ಎಷ್ಟು ಬೇಗ ಹರಿಯುತ್ತದೆಂದು ಅಂದಾಜು ಮಾಡುವುದು ಅವಳ ಕೆಲಸ. ಮನೆಗೆ ಬಂದವರು ಕೇಳಿದರೆ ಅಮ್ಮ "ಟೀಚರ್" ಎಂದುಬಿಡುತ್ತಿದ್ದಳು.

ಪಕ್ಕದ ಮನೆಯ ಹಿರಿಯರು ಪೇಟೆಯಲ್ಲಿ ಬಟ್ಟೆ ವ್ಯಾಪಾರಿ. ಒಂದು ಬೇಸಿಗೆಯಲ್ಲಿ ಅವರು ಕಾಂಪೌಂಡು ಗೋಡೆಯ ಬಳಿಯೇ ಕಕ್ಕಸಿನ ಗುಂಡಿ ತೋಡಿಸಿದರು. ಗೋಡೆಯ ಈಚೆ ನಮ್ಮ ಬಾವಿ. ಅಪ್ಪ ಜಗಳಕ್ಕೆ ಹೊರಟರು.

"ಇರಿ ಅಪ್ಪ, ಮೊದಲು ಅಳೆದು ನೋಡ್ತೀನಿ," ಎಂದಳು ಅಕ್ಕ.

ಗುಂಡಿಯಿಂದ ತೆಗೆದ ಮಣ್ಣನ್ನೆಲ್ಲ ಬೆರೆಸಿ ತಗಡಿನ ಕೊಳವೆಗೆ ತುಂಬಿ, ನೀರು ಹಾಯಿಸಿ, ಕೊಳೆ ಬಾವಿಗೆ ಬರಲು ವರ್ಷಗಳೇ ಬೇಕು ಎಂದಳು. ವ್ಯಾಪಾರಿಗಳಿಗೆ ಸಮಾಧಾನವಾಯಿತು. ಅವಳಿಗೆ ಆಗಲಿಲ್ಲ. ಅವರನ್ನು ಒಪ್ಪಿಸಿ ಖಾಲಿ ಗುಂಡಿಗೆ ಉಪ್ಪುನೀರು ಸುರಿಸಿ, ದಿನವೂ ಬಾವಿಯ ನೀರು ಪರೀಕ್ಷಿಸಿದಳು. ಗೌರಿಹಬ್ಬಕ್ಕೆ ಮುಂಚೆಯೇ ಉಪ್ಪು ಬಂದುಬಿಟ್ಟಿತು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಏಣಿಯಲ್ಲಿ ಗುಂಡಿಗಿಳಿದಳು. ನಾನು ಮೇಲಿಂದ ಲಾಟೀನು ಇಳಿಬಿಟ್ಟೆ. ಜೇಡಿಮಣ್ಣಿನ ನಡುವೆ ಒರಟು ಮರಳಿನ ಒಂದು ತೆಳು ಪದರವಿತ್ತು.

"ಎಲ್ಲಾನೂ ಕಲಸಿ ಅಳೆದುಬಿಟ್ಟೆ ಕಣೇ," ಎಂದಳು. "ನೀರು ಹಾಗೆ ಹೋಗಲ್ಲ. ಈ ಮರಳಲ್ಲೇ ಓಡಿಬಿಟ್ಟಿದೆ."

ಆ ಸಂಜೆಯೇ ನನ್ನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದಳು. "ನನ್ನ ಲೆಕ್ಕ ತಪ್ಪಾಯ್ತು, ಯಜಮಾನ್ರೇ. ಗುಂಡಿ ಇಲ್ಲಿ ಬೇಡ."

ಬೈಯುತ್ತಾರೆಂದು ನಾನು ಹೆದರಿದ್ದೆ. ಆಗಷ್ಟೇ ಅಂಗಡಿಯಿಂದ ಬಂದಿದ್ದ ಅವರು ಪೇಟ ತೆಗೆದು ಗೂಟಕ್ಕೆ ಹಾಕಿದರು.

"ತಪ್ಪಾಗಿದ್ದನ್ನ ನೀವೇ ಬಂದು ಹೇಳ್ತಿದೀರಲ್ಲಮ್ಮ. ಆಯ್ತು, ಆ ಮೂಲೇಲಿ ತೋಡಿಸ್ತೀನಿ. ಅಲ್ಲೂ ಒಂದ್ಸಲ ನೋಡ್ಕೊಡಿ."

ಆಮೇಲೆ ಅಕ್ಕ ಒಂದೊಂದು ಪದರವನ್ನೂ ಬೇರೆಯಾಗಿ ಅಳೆದು, ಕೊನೆಗೆ ಒಟ್ಟು ಹರಿವನ್ನು ಕೂಡಿಸುವ ಸರಳ ವಿಧಾನವೊಂದನ್ನು ಬರೆದಳು. ನಾಲ್ಕಾರು ಪುಟದ ಲೇಖನ, ಎಂಜಿನಿಯರುಗಳ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಶುರುವಿನಲ್ಲೇ ತನ್ನ ತಪ್ಪು ಅಂದಾಜನ್ನು ಹಾಕಿದ್ದಳು.

"ಅದ್ಯಾಕೆ ಹಾಕ್ದೆ?" ಎಂದೆ.

"ಇನ್ನೊಬ್ಬರು ಕಲಸಬಾರ್ದಲ್ಲ."

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದೆ. ಹೊಸ ಬಾವಿಗೆ ಜಾಗ ನೋಡಲು ಬಂದ ಎಂಜಿನಿಯರ್ ಮಣ್ಣನ್ನು ಪದರಪದರವಾಗಿ ಬೇರೆಬೇರೆ ಡಬ್ಬಿಗಳಿಗೆ ತುಂಬುತ್ತಿದ್ದರು. ಯಾರು ಹೇಳಿಕೊಟ್ಟರೆಂದು ಕೇಳಿದೆ.

"ಯಾರೂ ಇಲ್ಲಮ್ಮ, ಹೀಗೇ ಮಾಡೋದು," ಎಂದರು.

ನನಗೆ ತಡೆಯಲಾಗಲಿಲ್ಲ. ಆ ಭಾನುವಾರವೇ ತವರಿಗೆ ಹೋಗಿ, ಎಂಜಿನಿಯರ್ ಮಾಡಿದ್ದನ್ನೂ ಅಂದದ್ದನ್ನೂ ಹೇಳಿ, ಲೋಕಕ್ಕೆ ನಿನ್ನ ಹೆಸರೇ ಗೊತ್ತಿಲ್ಲ ಎಂದು ಅಕ್ಕನೆದುರು ಕೂಗಾಡಿದೆ. ಅವಳ ಮುಖ ಅರಳಿತು. ಡಬ್ಬಿಗೆ ತುಂಬುವಾಗ ಮಣ್ಣು ಒದ್ದೆಯಾಗಿತ್ತೋ ಒಣಗಿತ್ತೋ ಎಂದು ಕೇಳಿದಳು. ನಾನು ನೋಡಿರಲಿಲ್ಲ.